ಪೇಸ್‌ಮೇಕರ್ ಹಾಕಿಸಿದ ಮೇಲಿನ ವರ್ಷಗಳು: ಬ್ಯಾಟರಿ ಒಂದನ್ನೇ ನೋಡಬೇಡಿ

ಪೇಸ್‌ಮೇಕರ್ ಹಾಕಿಸಿಕೊಂಡು ಮನೆಗೆ ಬಂದವರನ್ನು ನೋಡಲು ಬರುವವರೆಲ್ಲ ಕೇಳುವುದು ಒಂದೇ: "ಬ್ಯಾಟರಿ ಎಷ್ಟು ವರ್ಷ ಬರುತ್ತದಂತೆ?" ಎಂಟು, ಹತ್ತು ಅಂತ ಡಾಕ್ಟರ್ ಹೇಳಿದ ಲೆಕ್ಕವನ್ನೇ ನಾವೂ ಹೇಳುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಬ್ಯಾಟರಿ ಅಷ್ಟೇನೂ ಮೋಸ ಮಾಡುವ ಸಾಮಾನಲ್ಲ. ಅದು ಇಳಿಯುತ್ತಾ ಬರುವುದು ಚೆಕಪ್‌ನಲ್ಲಿ ಕಾಣುತ್ತದೆ. ಬದಲಾಯಿಸಿ ಎಂಬ ಸೂಚನೆ ಬಂದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳಷ್ಟು ಸಮಯ ಉಳಿದಿರುತ್ತದೆ. ಹೇಳದೆ ಕೇಳದೆ ಕೈಕೊಡುವುದು ಬೇರೆ ಎರಡು. ಒಂದು, ಹೃದಯದೊಳಗೆ ಹೋಗಿರುವ ವೈರ್. ಇನ್ನೊಂದು, ಡಬ್ಬಿಯ (ಬ್ಯಾಟರಿ ಇರುವ, ಚರ್ಮದಡಿ ಕೂರಿಸುವ ಯಂತ್ರದ) ಮೇಲಿನ ಚರ್ಮ. ಈ ಎರಡನ್ನು ವರ್ಷಗಟ್ಟಲೆ ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವವರು ಕಡಿಮೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವವಳು. ತವರು ಕುಂದಾಪುರದ ಕಡೆ. 2009ರಲ್ಲಿ ನನಗೆ ಪೂರ್ತಿ ಹಾರ್ಟ್ ಬ್ಲಾಕ್ ಆಯಿತು. ಅಂದರೆ ಹೃದಯದ ಮೇಲಿನ ಕೋಣೆಯಿಂದ ಹೊರಟ ಸಂದೇಶ ಕೆಳಗಿನ ಕೋಣೆಗೆ ತಲುಪುವುದೇ ನಿಂತುಹೋಯಿತು. ಎಡಗಡೆ ಪೇಸ್‌ಮೇಕರ್ ಹಾಕಿದರು. 2018ರಲ್ಲಿ ಬ್ಯಾಟರಿ ಮುಗಿದಾಗ ಡಬ್ಬಿ ಬದಲಾಯಿಸಿದರು. ಆಮೇಲೆ ಆ ಜಾಗಕ್ಕೆ ಸೋಂಕು ತಗುಲಿತು. ಡಬ್ಬಿಯ ಜೊತೆ ಹಳೇ ವೈರ್‌ಗಳನ್ನೂ ತೆಗೆದು, ಬಲಗಡೆ ಹೊಸದು ಹಾಕಬೇಕಾಯಿತು. ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಹೊಸದಾಗಿ ಪೇಸ್‌ಮೇಕರ್ ಹಾಕಿಸಿಕೊಂಡವರು ಸಿಕ್ಕರೆ ಕೂತು ಮಾತಾಡುತ್ತೇವೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ಎಲ್ಲ ನಿಮ್ಮ ಡಾಕ್ಟರ್ ಹೇಳಿದ ಹಾಗೇ ಇರಲಿ. ಆದರೆ ಏನು ಕೇಳಬೇಕು, ಯಾವಾಗ ಓಡಬೇಕು ಅನ್ನುವುದು ನಮಗೂ ಗೊತ್ತಿರಬೇಕು, ಅಲ್ವಾ?

ವೈರ್ ಯಾಕೆ ಮುಖ್ಯ

ಡಬ್ಬಿ ಕಾಲರ್ ಬೋನ್ (ಕುತ್ತಿಗೆಯ ಕೆಳಗೆ ಅಡ್ಡಕ್ಕಿರುವ ಮೂಳೆ) ಕೆಳಗೆ, ಚರ್ಮದಡಿ ಸುಮ್ನೆ ಕೂತಿರುತ್ತದೆ. ವೈರ್ ಹಾಗಲ್ಲ. ಅದು ರಕ್ತನಾಳದೊಳಗೆ ಸಾಗಿ ಹೃದಯದ ಬಲಭಾಗಕ್ಕೆ ಇಳಿಯುತ್ತದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ವೈರ್ ಬಾಗುತ್ತದೆ. ಜೊತೆಗೆ ಕಾಲರ್ ಬೋನ್ ಮತ್ತು ಮೊದಲನೇ ಪಕ್ಕೆಲುಬಿನ ನಡುವಿನ ಸಂದಿಯಲ್ಲಿ, ಕೈ ಎತ್ತಿದಾಗಲೆಲ್ಲ ಅದು ಒತ್ತಿಕೊಳ್ಳಬಹುದು. ವರ್ಷಗಳಾದ ಮೇಲೆ ಒಳಗಿನ ತಂತಿ ಮುರಿಯಬಹುದು, ಇಲ್ಲವೇ ಮೇಲಿನ ಹೊದಿಕೆ ಸವೆಯಬಹುದು. ಆಗ ಡಬ್ಬಿಗೆ ಸುಳ್ಳು ಸದ್ದು ಕೇಳಿಸುತ್ತದೆ. ಹೃದಯ ತಾನೇ ಬಡಿಯುತ್ತಿದೆ ಅಂದುಕೊಂಡು ಪೇಸ್‌ಮೇಕರ್ ಸುಮ್ಮನಾಗುತ್ತದೆ. ನನ್ನ ಹಾಗೆ ಪೂರ್ತಿ ಅದನ್ನೇ ನಂಬಿದವರಿಗೆ ತಲೆ ಸುತ್ತು ಬರುತ್ತದೆ, ಕಣ್ಣು ಕತ್ತಲಾಗುತ್ತದೆ, ಕೆಲವರು ಬಿದ್ದೇ ಬಿಡುತ್ತಾರೆ.

ಡಬ್ಬಿ ಬದಲಾಯಿಸುವುದು ದೊಡ್ಡ ಮಾತಲ್ಲ. ಮನುಷ್ಯನ ದೇಹದೊಳಗೆ ಪೂರ್ತಿ ಕೂರಿಸಿದ ಮೊದಲ ಪೇಸ್‌ಮೇಕರ್ 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಆರ್ನೆ ಲಾರ್ಸನ್ ಎಂಬುವರಿಗೆ ಹಾಕಿದ್ದು. ಆ ಡಬ್ಬಿ ಕೆಲವೇ ಗಂಟೆ ಕೆಲಸ ಮಾಡಿತು. ಆದರೆ ಆ ಮನುಷ್ಯ 2001ರವರೆಗೆ, 86 ವರ್ಷ ಬದುಕಿದರು. ಜೀವನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಪೇಸ್‌ಮೇಕರ್ ಬದಲಾಯಿಸಿಕೊಂಡಿದ್ದರು. ಹೆದರಿದ ಹೊಸಬರಿಗೆ ನಾನು ಮೊದಲು ಹೇಳುವುದು ಇವರ ಕಥೆಯನ್ನೇ.

ಹಳೇ ವೈರ್ ತೆಗೆಯುವುದು ಮಾತ್ರ ಹಾಗಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ದೇಹ ಅದರ ಸುತ್ತ ಗಟ್ಟಿ ಪೊರೆ ಕಟ್ಟಿ, ರಕ್ತನಾಳದ ಗೋಡೆಗೂ ಹೃದಯಕ್ಕೂ ಅಂಟಿಸಿಬಿಡುತ್ತದೆ. ಎಳೆದರೆ ಬರುವುದಿಲ್ಲ. ವೈರ್ ಮೇಲೆ ಕೊಳವೆಯಂಥ ಸಲಕರಣೆ ಹಾಯಿಸಿ, ಲೇಸರ್‌ನಿಂದಲೋ ತಿರುಗುವ ಅಂಚಿನಿಂದಲೋ ಪೊರೆ ಬಿಡಿಸುತ್ತಾ ತೆಗೆಯುತ್ತಾರೆ. ದೊಡ್ಡ ರಕ್ತನಾಳ ಹರಿಯುವ ಅಪಾಯ ಇರುವುದರಿಂದ ಹಾರ್ಟ್ ಸರ್ಜನ್ ಪಕ್ಕದಲ್ಲೇ ಸಿದ್ಧರಿರಬೇಕು. ಅನುಭವ ಇರುವ ಕಡೆಯೂ ನೂರರಲ್ಲಿ ಒಬ್ಬಿಬ್ಬರಿಗೆ ದೊಡ್ಡ ತೊಂದರೆ ಆಗಬಹುದು. ಹಾಗಾಗಿ ಈ ಕೆಲಸಕ್ಕೆ ಮನೆ ಹತ್ತಿರದ ನರ್ಸಿಂಗ್ ಹೋಂ ಒಪ್ಪಿಕೊಂಡರೂ ನೀವು ಒಪ್ಪಬೇಡಿ. "ನಿಮ್ಮಲ್ಲಿ ಹಳೇ ಲೀಡ್ ತೆಗೆದವರು ಯಾರು, ಎಷ್ಟು ಕೇಸ್ ಮಾಡಿದ್ದಾರೆ, ಸರ್ಜನ್ ಇರುತ್ತಾರಾ?" ಅಂತ ಕೇಳಿ. ಆಸ್ಪತ್ರೆಯವರು ವೈರ್‌ಗೆ ಲೀಡ್ ಅನ್ನುತ್ತಾರೆ, ಅದೇ ಮಾತು ಬಳಸಿ.

ನಿಮ್ಮದೇ ಒಂದು ಫೈಲ್

ಡಿಸ್ಚಾರ್ಜ್ ಆಗುವಾಗ ಒಂದು ಗುರುತಿನ ಕಾರ್ಡ್ ಕೊಡುತ್ತಾರೆ. ಅದರಲ್ಲಿ ಡಬ್ಬಿಯ ಮಾಡೆಲ್, ಸೀರಿಯಲ್ ನಂಬರ್ ಇರುತ್ತದೆ. ಪ್ರತಿ ವೈರ್‌ನ ಮಾಡೆಲ್, ಸೀರಿಯಲ್ ನಂಬರ್ ಕೂಡ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ. ಪೆಟ್ಟಿಗೆಯ ಸ್ಟಿಕ್ಕರ್‌ಗಳನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡಿ ಅಂತ ಕೇಳಿದರೆ ಕೊಡುತ್ತಾರೆ.

ಇದು ಬರೀ ಕಾಗದದ ಹುಚ್ಚಲ್ಲ. 2007ರ ಅಕ್ಟೋಬರ್‌ನಲ್ಲಿ ಮೆಡ್‌ಟ್ರಾನಿಕ್ ಕಂಪನಿ ತನ್ನ ಸ್ಪ್ರಿಂಟ್ ಫಿಡೆಲಿಸ್ ಎಂಬ ವೈರ್‌ಗಳ ಮಾರಾಟ ನಿಲ್ಲಿಸಿತು. ಅವು ಶಾಕ್ ಕೊಡುವ ಯಂತ್ರಕ್ಕೆ ಜೋಡಿಸುವ ವೈರ್‌ಗಳು. ಮುರಿದು, ಬೇಡದ ಶಾಕ್ ಬರುತ್ತಿತ್ತು. ಅಷ್ಟರಲ್ಲಿ ಜಗತ್ತಿನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನರ ಎದೆಯೊಳಗೆ ಅವು ಸೇರಿಯಾಗಿತ್ತು. ಇಂಥ ಸುದ್ದಿ ಬಂದಾಗ "ನನ್ನದು ಅದೇನಾ?" ಎಂಬುದಕ್ಕೆ ಉತ್ತರ ನಿಮ್ಮ ಫೈಲ್‌ನಲ್ಲಿರಬೇಕು. ಮುಂಬೈಯಲ್ಲಿ ನಾವು ಮನೆ ಬದಲಾಯಿಸುತ್ತೇವೆ, ಡಾಕ್ಟರ್ ಆಸ್ಪತ್ರೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ, ನಿವೃತ್ತಿಯಾದವರು ಊರಿಗೆ ವಾಪಸ್ ಹೋಗುತ್ತಾರೆ. ಹತ್ತು ವರ್ಷದ ಹಿಂದಿನ ದಾಖಲೆ ಆಸ್ಪತ್ರೆಯಲ್ಲಿ ಸಿಕ್ಕೇ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಚೆಕಪ್ ಶೀಟ್ ಓದುವುದು

ಚೆಕಪ್‌ನಲ್ಲಿ ಎದೆಯ ಮೇಲೆ ಒಂದು ಗುಂಡನೆಯ ತಲೆ ಇಟ್ಟು, ಕಂಪ್ಯೂಟರ್‌ನಲ್ಲಿ ಏನೋ ನೋಡಿ, "ಸಬ್ ಠೀಕ್ ಹೈ" ಅಂದು ಕಳಿಸುತ್ತಾರೆ. ಅಷ್ಟಕ್ಕೆ ಎದ್ದು ಬರಬೇಡಿ. ಆ ಯಂತ್ರದಿಂದ ಉದ್ದನೆಯ ಪ್ರಿಂಟ್ ಬರುತ್ತದೆ. ಅದನ್ನು ಕೇಳಿ ಪಡೆಯಿರಿ. ಕೆಲವು ಪ್ರಿಂಟ್‌ಗಳ ಶಾಯಿ ಬೇಗ ಮಾಸುತ್ತದೆ, ಮನೆಗೆ ಬಂದು ಫೋಟೋ ತೆಗೆದಿಡಿ.

ನಾನು ನೋಡುವುದು ನಾಲ್ಕು ಸಾಲು. ಮೊದಲನೆಯದು ಬ್ಯಾಟರಿ ಇನ್ನೆಷ್ಟು ವರ್ಷ ಅಂತ. ಎರಡನೆಯದು ಇಂಪೀಡೆನ್ಸ್, ಅಂದರೆ ವೈರ್ ವಿದ್ಯುತ್ತಿಗೆ ಒಡ್ಡುವ ತಡೆ. ಇದು ಓಮ್ ಲೆಕ್ಕದಲ್ಲಿರುತ್ತದೆ. ನನ್ನ ಹಳೇ ಶೀಟ್‌ಗಳಲ್ಲಿ ಕೆಳಗಿನ ಕೋಣೆಯ ವೈರ್ ವರ್ಷಗಟ್ಟಲೆ 500ರ ಆಸುಪಾಸಿನಲ್ಲೇ ಇತ್ತು. ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ನಿಮ್ಮದನ್ನು ಪಕ್ಕದವರ ಜೊತೆ ಹೋಲಿಸಬೇಡಿ, ನಿಮ್ಮದೇ ಹಿಂದಿನ ಶೀಟ್ ಜೊತೆ ಹೋಲಿಸಿ. ಇದ್ದಕ್ಕಿದ್ದ ಹಾಗೆ ತುಂಬಾ ಏರಿದರೆ ತಂತಿ ಮುರಿದಿರಬಹುದು, ಇಲ್ಲವೇ ಡಬ್ಬಿಗೆ ಸೇರುವ ಜಾಗದಲ್ಲಿ ಸಡಿಲವಾಗಿರಬಹುದು. ತುಂಬಾ ಇಳಿದರೆ ಹೊದಿಕೆ ಸವೆದಿರಬಹುದು. ಮೂರನೆಯದು ಥ್ರೆಶೋಲ್ಡ್: ಹೃದಯವನ್ನು ಬಡಿಸಲು ಕನಿಷ್ಠ ಎಷ್ಟು ವೋಲ್ಟ್ ಬೇಕು ಎಂಬುದು. ಇದು ಏರುತ್ತಾ ಹೋದರೆ ವೈರ್‌ನ ತುದಿ ಜಾರಿದೆಯೋ, ಅಲ್ಲಿ ಗಾಯದ ಗುರುತು ಗಟ್ಟಿಯಾಗಿದೆಯೋ ಅಂತ ನೋಡಬೇಕು. ಬ್ಯಾಟರಿಯೂ ಬೇಗ ಖರ್ಚಾಗುತ್ತದೆ. ನಾಲ್ಕನೆಯದು ಪೇಸಿಂಗ್ ಶೇಕಡಾ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಶೀಟ್ ಮುಂದಿಟ್ಟು "ಹೋದ ಸಲಕ್ಕಿಂತ ಏನಾದರೂ ಬದಲಾಗಿದೆಯಾ?" ಅಂತ ಒಂದೇ ಪ್ರಶ್ನೆ ಕೇಳಿದರೂ ಸಾಕು. ಟೆಕ್ನಿಷಿಯನ್ ಕೂಡ ಎರಡನೇ ಸಲ ನೋಡುತ್ತಾರೆ.

ಎಷ್ಟು ಸಲ ಚೆಕಪ್? ಹಾಕಿದ ಮೇಲೆ ಮೊದಲ ಮೂರು ತಿಂಗಳೊಳಗೆ ಒಮ್ಮೆ. ಆಮೇಲೆ ಪೇಸ್‌ಮೇಕರ್‌ಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಐಸಿಡಿಗೆ (ಶಾಕ್ ಕೊಡುವ ಯಂತ್ರಕ್ಕೆ) ಮೂರರಿಂದ ಆರು ತಿಂಗಳಿಗೆ ಒಮ್ಮೆ. ಬ್ಯಾಟರಿ ಕೊನೆಗೆ ಬಂದಾಗ ಇನ್ನೂ ಬೇಗ ಬೇಗ. ಕೆಲವು ಮಾಡೆಲ್‌ಗಳು ಮನೆಯಿಂದಲೇ ಮಾಹಿತಿ ಕಳಿಸುತ್ತವೆ. ನಿಮ್ಮದರಲ್ಲಿ ಆ ಸೌಕರ್ಯ ಇದ್ದರೆ ಶುರು ಮಾಡಿಸಿಕೊಳ್ಳಿ.

ಚರ್ಮ ನೋಡುವುದು ಹೇಗೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಕಷ್ಟ ಶುರುವಾಗಿದ್ದು ಇಲ್ಲೇ.

ಡಬ್ಬಿ ಬದಲಾಯಿಸಿ ಕೆಲವು ತಿಂಗಳಾಗಿತ್ತು. ಹೊಲಿಗೆಯ ಒಂದು ಕೊನೆಯಲ್ಲಿ, ಕಡಲೆಕಾಳಿನಷ್ಟು ಜಾಗ ಕೆಂಪಗಾಯಿತು. ನೋವಿಲ್ಲ, ಜ್ವರ ಇಲ್ಲ. ಹತ್ತಿರದ ಡಾಕ್ಟರ್ ಒಬ್ಬರು ಸೆಕೆ ಗುಳ್ಳೆ ಅಂದು ಆಂಟಿಬಯಾಟಿಕ್ ಮಾತ್ರೆ ಕೊಟ್ಟರು. ಇಳಿಯಿತು. ಮಾತ್ರೆ ಮುಗಿದ ಮೇಲೆ ಮತ್ತೆ ಬಂತು. ಈ ಸಲ ಅಲ್ಲಿ ಚರ್ಮ ತೆಳ್ಳಗೆ, ಹೊಳೆಯುವ ಹಾಗಿತ್ತು. ಬೆರಳಿನಿಂದ ಜರುಗಿಸಿದರೆ ಚರ್ಮ ಜರುಗುತ್ತಿರಲಿಲ್ಲ, ಡಬ್ಬಿಗೇ ಅಂಟಿಕೊಂಡಿತ್ತು. ಪೇಸ್‌ಮೇಕರ್ ಹಾಕಿದ ಡಾಕ್ಟರ್ ಹತ್ತಿರ ಹೋದಾಗ ಅವರು ಕಣ್ಣಿಂದ ನೋಡಿಯೇ "ಇದು ಚರ್ಮದ ಕಾಯಿಲೆ ಅಲ್ಲ" ಅಂದರು.

ಡಬ್ಬಿಗೆ ಸೋಂಕು ಹತ್ತಿದರೆ ಬರೀ ಮಾತ್ರೆಯಿಂದ ಅದು ಹೋಗುವುದಿಲ್ಲ. ಬ್ಯಾಕ್ಟೀರಿಯಾ ಲೋಹದ ಮೇಲೆ, ವೈರ್‌ನ ಹೊದಿಕೆಯ ಮೇಲೆ ತಮ್ಮದೇ ಅಂಟು ಪದರ ಕಟ್ಟಿಕೊಂಡು ಕೂತುಬಿಡುತ್ತವೆ. ಔಷಧಿ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಮಾತ್ರೆ ತಗೊಂಡಾಗ ಅಡಗುತ್ತದೆ, ಬಿಟ್ಟಾಗ ಏಳುತ್ತದೆ. ಅದಕ್ಕೇ ಡಬ್ಬಿ, ವೈರ್ ಪೂರ್ತಿ ತೆಗೆದು, ಆಂಟಿಬಯಾಟಿಕ್ ಕೋರ್ಸ್ ಮುಗಿಸಿ, ಬೇರೆ ಕಡೆ ಹೊಸದು ಹಾಕುವುದೇ ಇದಕ್ಕೆ ಒಪ್ಪಿತ ಚಿಕಿತ್ಸೆ. ನನ್ನ ಹೃದಯ ಪೇಸ್‌ಮೇಕರ್ ಇಲ್ಲದೆ ನಡೆಯುವುದಿಲ್ಲವಾದ್ದರಿಂದ ನಡುವಿನ ದಿನಗಳಿಗೆ ಹೊರಗಿನಿಂದ ತಾತ್ಕಾಲಿಕ ವೈರ್ ಹಾಕಿದ್ದರು. ಹೊಲಿಗೆ ಬಿಚ್ಚಿ ತೊಳೆದು ಮತ್ತೆ ಅದನ್ನೇ ಕೂರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಊತದೊಳಗೆ ಸೂಜಿ ಚುಚ್ಚಿ ನೀರು ತೆಗೆಯುತ್ತೇವೆ ಅಂದರೆ ಬೇಡ ಅನ್ನಿ. ಆ ಸೂಜಿಯೇ ಸೋಂಕನ್ನು ಒಳಗೆ ತಗೊಂಡು ಹೋಗಬಹುದು.

ಹಾಗಾಗಿ ವಾರಕ್ಕೊಮ್ಮೆ, ಸ್ನಾನದ ನಂತರ, ಕಿಟಕಿ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ನೋಡಿ. ಬಣ್ಣ ಬದಲಾಗಿದೆಯಾ? ಡಬ್ಬಿಯ ಮೂಲೆ ಚೂಪಾಗಿ ಎದ್ದು ಕಾಣುತ್ತಿದೆಯಾ? ಮೇಲಿನ ಚರ್ಮ ಸುಲಭವಾಗಿ ಜರುಗುತ್ತದಾ? ಬಿಸಿ ಇದೆಯಾ, ಒದ್ದೆ ಇದೆಯಾ? ತಿಂಗಳಿಗೊಂದು ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ನಿಧಾನವಾಗಿ ಆಗುವ ಬದಲಾವಣೆ ದಿನಾ ನೋಡುವ ಕಣ್ಣಿಗೆ ಕಾಣುವುದಿಲ್ಲ, ಹಳೇ ಫೋಟೋ ಪಕ್ಕದಲ್ಲಿಟ್ಟರೆ ಕಾಣುತ್ತದೆ. ನೋಡುವುದು ಬೇರೆ, ಆಡಿಸುವುದು ಬೇರೆ. ಡಬ್ಬಿಯನ್ನು ಬೆರಳಿನಿಂದ ತಿರುಗಿಸುವ ಅಭ್ಯಾಸ ಕೆಲವರಿಗೆ ಇರುತ್ತದೆ. ಹಾಗೆ ಮಾಡಿದರೆ ಒಳಗೆ ವೈರ್ ಸುತ್ತಿಕೊಂಡು ಹೃದಯದಿಂದ ಕಿತ್ತು ಬರಬಹುದು.

ಹೆಂಗಸರಿಗೆ ಒಂದೆರಡು ಮಾತು, ಯಾಕೆಂದರೆ ಇದನ್ನು ಡಾಕ್ಟರ್ ಹೇಳುವುದಿಲ್ಲ. ಬ್ಲೌಸಿನ ಅಂಚು, ಬ್ರಾ ಪಟ್ಟಿ, ಸೆರಗಿನ ಪಿನ್, ಕರಿಮಣಿ ಸರ ಇವೆಲ್ಲ ಬಂದು ಉಜ್ಜುವುದು ಸರಿಯಾಗಿ ಅದೇ ಜಾಗಕ್ಕೆ. ನಾನು ಬ್ಲೌಸಿನ ಭುಜ ಅಗಲವಾಗಿ ಹೊಲಿಸುತ್ತೇನೆ, ಒಳಗೆ ಮೆತ್ತನೆ ಹತ್ತಿ ಬಟ್ಟೆ ಕೊಡಿಸುತ್ತೇನೆ, ಪಿನ್ ಇನ್ನೊಂದು ಕಡೆ ಹಾಕುತ್ತೇನೆ. ಹಾಕುವ ಮೊದಲೇ ಡಾಕ್ಟರ್ ಹತ್ತಿರ ಪಟ್ಟಿ ಎಲ್ಲಿ ಬರುತ್ತದೆ ಅಂತ ಪೆನ್ನಿನಲ್ಲಿ ಗುರುತು ಮಾಡಿಸಿ, ಡಬ್ಬಿ ಅದರಿಂದ ಆಚೆ ಬರುವ ಹಾಗೆ ಕೇಳಿಕೊಳ್ಳಬಹುದು. ಬಲಗಡೆ ಹಾಕುವಾಗ ನಾನು ಹಾಗೇ ಮಾಡಿದೆ. ನಾಚಿಕೆ ಪಡುವ ವಿಷಯವೇ ಅಲ್ಲ.

ಮುಂಬೈ ಮಳೆಗಾಲದ ಜ್ವರ

ಜೂನ್ ಬಂತೆಂದರೆ ಇಲ್ಲಿ ಯಾವ ಜ್ವರ ಬಂದರೂ ಮಲೇರಿಯಾ, ಡೆಂಗಿ, ಲೆಪ್ಟೊ (ಇಲಿ ಜ್ವರ) ಟೆಸ್ಟ್ ಮಾಡುತ್ತಾರೆ. ಮಾಡಲೇಬೇಕು. ಆದರೆ ಎದೆಯೊಳಗೆ ವೈರ್ ಇರುವವರಿಗೆ, ಕೃತಕ ವಾಲ್ವ್ (ಹೃದಯದ ಕವಾಟ) ಇರುವವರಿಗೆ ಇನ್ನೊಂದು ಟೆಸ್ಟ್ ಬೇಕು: ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವುದು. ಕಾರಣ ಗೊತ್ತಾಗದ ಜ್ವರ ಬಿಟ್ಟು ಬಿಟ್ಟು ಬರುತ್ತಿದ್ದರೆ, ಚಳಿ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಸೋಂಕು ವೈರ್ ಮೇಲೋ ವಾಲ್ವ್ ಮೇಲೋ ಕೂತಿರಬಹುದು. ಡಬ್ಬಿ ಜಾಗ ಹೊರಗಿನಿಂದ ಚೆನ್ನಾಗೇ ಕಾಣಬಹುದು, ಅದಕ್ಕೆ ಮೋಸ ಹೋಗಬೇಡಿ.

ಇಲ್ಲಿ ಕ್ರಮ ಮುಖ್ಯ. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ರಕ್ತ ತೆಗೆಯಬೇಕು, ಬೇರೆ ಬೇರೆ ಜಾಗದಿಂದ ಎರಡು ಮೂರು ಸಲ. ಒಂದೆರಡು ಮಾತ್ರೆ ನುಂಗಿದ ಮೇಲೆ ತೆಗೆದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೇ ಹೋಗಬಹುದು. ಆದ್ದರಿಂದ ಮೆಡಿಕಲ್ ಶಾಪ್‌ನಿಂದ ನೀವೇ ತಗೊಂಡು ನುಂಗಬೇಡಿ. ಮೂಲೆಯ ಕ್ಲಿನಿಕ್‌ನಲ್ಲಿ ಕೂತ ತಕ್ಷಣ "ಡಾಕ್ಟರ್, ನನಗೆ ಪೇಸ್‌ಮೇಕರ್ ಇದೆ, ಮೊದಲು ಬ್ಲಡ್ ಕಲ್ಚರ್ ಕಳಿಸೋಣವೇ?" ಅಂತ ಕೇಳಿ. ಸಂಶಯ ಇದ್ದರೆ ಅನ್ನನಾಳದ ಮೂಲಕ ಮಾಡುವ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಕೂಡ ಬೇಕಾಗುತ್ತದೆ. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಸಣ್ಣ ಗಂಟುಗಳು ಕಾಣದೇ ಹೋಗಬಹುದು.

ಹೃದಯದ ಮೇಲೆ ನಿಧಾನವಾಗಿ ಆಗುವುದು

ಪೇಸ್‌ಮೇಕರ್ ಜೀವ ಉಳಿಸುತ್ತದೆ. ಆದರೂ ಬಲಗಡೆಯ ಕೆಳಗಿನ ಕೋಣೆಯನ್ನೇ ಸದಾ ಬಡಿಸುತ್ತಿದ್ದರೆ, ಎಡಗಡೆ ಕೋಣೆ ಸ್ವಲ್ಪ ತಡವಾಗಿ ಬಡಿಯುತ್ತದೆ. ಕೆಲವರಲ್ಲಿ ಇದು ವರ್ಷಗಳಲ್ಲಿ ಹೃದಯವನ್ನು ದುರ್ಬಲ ಮಾಡುತ್ತದೆ. ಪೇಸಿಂಗ್ ಶೇಕಡಾ ನೋಡಿ ಅಂದಿದ್ದು ಇದಕ್ಕೇ. ಕೆಳಗಿನ ಕೋಣೆಯ ಪೇಸಿಂಗ್ ಶೇಕಡಾ 20ಕ್ಕಿಂತ ಜಾಸ್ತಿ ಇದ್ದರೆ ಎಕೋ ಎಷ್ಟು ಸಮಯಕ್ಕೊಮ್ಮೆ ಮಾಡಿಸಬೇಕು ಅಂತ ಕೇಳಿ. ನನ್ನದು ನೂರರ ಹತ್ತಿರ, ಹಾಗಾಗಿ ವರ್ಷಕ್ಕೊಮ್ಮೆ ಮಾಡಿಸುತ್ತೇನೆ. ಮೆಟ್ಟಿಲು ಹತ್ತಿದರೆ ಏದುಸಿರು, ಪಾದ ಊತ, ಮಲಗಿದರೆ ಉಸಿರುಕಟ್ಟು ಇದ್ದರೆ ವಯಸ್ಸಾಯಿತು ಅಂತ ಬಿಡಬೇಡಿ. ಹೃದಯದ ಸ್ವಂತ ತಂತುಗಳನ್ನೇ ಹಿಡಿದು ಬಡಿಸುವ ವಿಧಾನ ಈಗ ಇದೆ, ಎರಡೂ ಕಡೆಯಿಂದ ಬಡಿಸುವ ಸಿಆರ್‌ಟಿ ಕೂಡ ಇದೆ.

ವೈರ್ ಹಾದುಹೋಗುವ ಬಲಗಡೆಯ ವಾಲ್ವ್ ಸರಿಯಾಗಿ ಮುಚ್ಚದೆ ಸೋರಬಹುದು. ಅದೂ ಎಕೋದಲ್ಲೇ ಗೊತ್ತಾಗುತ್ತದೆ. ಇನ್ನು ರಕ್ತನಾಳ ಕಟ್ಟಿಕೊಳ್ಳುವುದು. ನನ್ನ ಎಡಗೈ ನಾಳ ಹಾಗೇ ಆಗಿದೆ. ಜಾಸ್ತಿ ಕೆಲಸ ಮಾಡಿದರೆ ಕೈ ಭಾರವಾಗುತ್ತದೆ, ಭುಜದ ಹತ್ತಿರ ನೀಲಿ ಗೆರೆಗಳು ಎದ್ದು ಕಾಣುತ್ತವೆ. ದೇಹ ಸುತ್ತುದಾರಿ ಮಾಡಿಕೊಂಡಿದೆ ಅಂದರು ಡಾಕ್ಟರ್. ಆದರೆ ಕೈ ಇದ್ದಕ್ಕಿದ್ದ ಹಾಗೆ ಊದಿ ನೋವಾದರೆ, ಮುಖ ಕುತ್ತಿಗೆ ಊದಿದರೆ ಅದೇ ದಿನ ತೋರಿಸಿ.

ಭುಜದ ಬಗ್ಗೆಯೂ ಹೇಳಬೇಕು. ಹಾಕಿದ ಮೊದಲ ನಾಲ್ಕಾರು ವಾರ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು ಅನ್ನುತ್ತಾರೆ, ಸರಿ. ಹೆದರಿ ತಿಂಗಳುಗಟ್ಟಲೆ ಕೈ ಅಲುಗಿಸದೆ ಇದ್ದವರ ಭುಜ ಬಿಗಿದುಹೋಗುತ್ತದೆ. ಮೊದಲ ದಿನದಿಂದಲೂ ಕೆಳಮಟ್ಟದಲ್ಲಿ ಕೈ ಆಡಿಸುತ್ತಿರಿ.

ಐಸಿಡಿ ಇದ್ದವರಿಗೆ, ವಾಲ್ವ್ ಇದ್ದವರಿಗೆ

ಐಸಿಡಿ ಅಂದರೆ ಅಪಾಯದ ಬಡಿತ ಬಂದಾಗ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ. ಒಂದು ಶಾಕ್ ಬಂದು ಆಮೇಲೆ ಆರಾಮಾಗಿದ್ದರೆ ಅದೇ ದಿನ ಕ್ಲಿನಿಕ್‌ಗೆ ಫೋನ್ ಮಾಡಿ. ಶಾಕ್ ಜೊತೆ ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ ಇದ್ದರೆ, ಅಥವಾ ಒಂದೇ ದಿನದಲ್ಲಿ ಎರಡನೇ ಶಾಕ್ ಬಂದರೆ, ಕಾಯದೆ 108ಕ್ಕೆ ಕರೆ ಮಾಡಿ. ಮುಟ್ಟಿಕೊಂಡಿದ್ದವರಿಗೆ ಅಪಾಯ ಇಲ್ಲ, ಸ್ವಲ್ಪ ಜುಮ್ ಅನ್ನಬಹುದು. ಬಿದ್ದವರಿಗೆ ಪ್ರಜ್ಞೆ ಇಲ್ಲದೆ ಉಸಿರಾಟ ನಿಂತಿದ್ದರೆ ಐಸಿಡಿ ಇದೆ ಅಂತ ಹಿಂಜರಿಯದೆ ಎದೆ ಒತ್ತಬೇಕು. ಒಮ್ಮೆ ಶಾಕ್ ತಿಂದವರಿಗೆ ಮತ್ತೆ ಯಾವಾಗ ಬರುತ್ತದೋ ಎಂಬ ಭಯ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮನೆಯಿಂದ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಇದೂ ಯಂತ್ರದ ತೊಂದರೆಗಳಲ್ಲಿ ಒಂದು, ಇದಕ್ಕೂ ಚಿಕಿತ್ಸೆ ಇದೆ. ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ.

ಲೋಹದ ವಾಲ್ವ್ ಇದ್ದವರಿಗೆ ರಕ್ತ ತೆಳ್ಳಗಾಗಿಸುವ ಮಾತ್ರೆ, ಅಸಿಟ್ರಾಮ್ ಅಥವಾ ವಾರ್ಫರಿನ್, ಜೀವನಪೂರ್ತಿ ಬೇಕು. ಐಎನ್‌ಆರ್ (ರಕ್ತ ಎಷ್ಟು ತೆಳ್ಳಗಾಗಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಲೆಕ್ಕ) ಸಾಮಾನ್ಯವಾಗಿ ಮೈಟ್ರಲ್ ವಾಲ್ವ್‌ಗೆ 2.5ರಿಂದ 3.5, ಅಯೋರ್ಟಿಕ್ ವಾಲ್ವ್‌ಗೆ 2ರಿಂದ 3 ಇರಬೇಕು ಅನ್ನುತ್ತಾರೆ. ನಿಮ್ಮದು ಎಷ್ಟು ಅಂತ ಫೈಲ್ ಮೇಲೆ ದೊಡ್ಡದಾಗಿ ಬರೆದಿಡಿ. ರಜೆಯಲ್ಲಿ ಊರಿಗೆ ಹೋದಾಗ ಮಾತ್ರೆ ಮುಗಿದು, ಹಳ್ಳಿಯಲ್ಲಿ ಸಿಗದೆ ನಾಲ್ಕು ದಿನ ಬಿಟ್ಟೆವು ಅನ್ನುವವರನ್ನು ನೋಡಿದ್ದೇನೆ. ಅಷ್ಟರಲ್ಲೇ ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದು. ದಿನಾ ಕೇಳುವ ಟಿಕ್ ಟಿಕ್ ಸದ್ದು ಮಂಕಾದರೆ, ದಿಢೀರ್ ಉಸಿರುಕಟ್ಟಿದರೆ ಅದು ತುರ್ತು. ಹೊಸ ಮಾದರಿಯ ರಕ್ತ ತೆಳ್ಳಗಾಗಿಸುವ ಮಾತ್ರೆಗಳು, ದಾಬಿಗಟ್ರಾನ್‌ನಂಥವು, ಲೋಹದ ವಾಲ್ವ್‌ಗೆ ಆಗುವುದಿಲ್ಲ. ಬಸಳೆ, ಹರಿವೆ ಸೊಪ್ಪು ಬಿಡಬೇಕಾಗಿಲ್ಲ, ವಾರ ವಾರ ಒಂದೇ ಅಳತೆಯಲ್ಲಿ ತಿನ್ನಿ. ಹಲ್ಲು ಕೀಳಿಸುವ ಮೊದಲು ಆಂಟಿಬಯಾಟಿಕ್ ಬೇಕು. ಬರೀ ಪೇಸ್‌ಮೇಕರ್ ಇದ್ದವರಿಗೆ ಅದು ಬೇಕಾಗಿಲ್ಲ.

ಇಲ್ಲಿನ ದಿನನಿತ್ಯ

ಲೋಕಲ್ ಟ್ರೈನ್ ಬಿಡಿ ಅಂತ ಡೊಂಬಿವಲಿಯವರಿಗೆ ಹೇಳಿ ಪ್ರಯೋಜನ ಇಲ್ಲ. ನೂಕುನುಗ್ಗಲಿನ ಹೊತ್ತು ಬಿಟ್ಟು ಹೋಗಿ. ಡಬ್ಬಿ ಇರುವ ಕಡೆ ಚೀಲ ನೇತುಹಾಕಬೇಡಿ, ಮೇಲಿನ ಹಿಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಎದೆಗೆ ಪೆಟ್ಟು ಬಿದ್ದು ಊತ ಬಂದರೆ ತೋರಿಸಿ. ಸ್ಟೇಷನ್, ಮಾಲ್‌ನ ಲೋಹ ಪತ್ತೆ ಬಾಗಿಲಲ್ಲಿ ನಿಲ್ಲದೆ ಮಾಮೂಲಿ ನಡಿಗೆಯಲ್ಲಿ ದಾಟಿದರೆ ತೊಂದರೆ ಇಲ್ಲ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಎದೆ ಮೇಲೆ ಹಿಡಿದು ನಿಲ್ಲಿಸಬಾರದು. ಕಾರ್ಡ್ ತೋರಿಸಿ "ಪೇಸ್‌ಮೇಕರ್ ಆಹೆ" ಅಂದರೆ ಕೈಯಿಂದ ನೋಡಿ ಬಿಡುತ್ತಾರೆ.

ಮೊಬೈಲ್ 15 ಸೆಂಟಿಮೀಟರ್ ದೂರ ಇರಲಿ, ಮೇಲಿನ ಜೇಬು ಬೇಡ. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ಇರಿ. ಸಂತೆ, ಪ್ರದರ್ಶನಗಳಲ್ಲಿ ಮಾರುವ ಅಯಸ್ಕಾಂತದ ಬೆಲ್ಟ್, ಅಯಸ್ಕಾಂತದ ಹಾಸಿಗೆ ಎಂಥ ಒಳ್ಳೆಯವರು ಕೊಟ್ಟರೂ ಬೇಡ. ಫಿಸಿಯೋಥೆರಪಿಯಲ್ಲಿ ಕರೆಂಟ್ ಕೊಡುವ ಯಂತ್ರ, ಡಯಾಥರ್ಮಿ ಅಂದ ತಕ್ಷಣ ಪೇಸ್‌ಮೇಕರ್ ಇದೆ ಅನ್ನಿ. ಎಂಆರ್‌ಐಗೆ ಡಬ್ಬಿ ಮಾತ್ರ ಹೊಂದಿದರೆ ಸಾಲದು, ವೈರ್ ಕೂಡ ಹೊಂದಬೇಕು. ತೆಗೆಯದೆ ಒಳಗೇ ಬಿಟ್ಟ ಹಳೇ ವೈರ್ ಇದ್ದರೆ ಅದನ್ನೂ ಹೇಳಿ.

ಡಬ್ಬಿ ಬದಲಾಯಿಸುವ ಹೊತ್ತಿಗೆ

ಮೊದಲ ಸಲಕ್ಕಿಂತ ಬದಲಾಯಿಸುವಾಗ ಸೋಂಕಿನ ಅಪಾಯ ಜಾಸ್ತಿ. ಚಿಕ್ಕ ಆಪರೇಷನ್, ಸಂಜೆ ಮನೆಗೆ ಬರಬಹುದು ಅಂತ ಎಲ್ಲರೂ ಹಗುರವಾಗಿ ನೋಡುತ್ತಾರೆ. ಹಾಗೆ ನೋಡಬಾರದು. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹತೋಟಿಗೆ ತನ್ನಿ. ಜ್ವರ, ಮೈಮೇಲೆ ಹುಣ್ಣು ಇದ್ದರೆ ಮುಂದೂಡಿ. ರಕ್ತ ತೆಳ್ಳಗಾಗಿಸುವ ಮಾತ್ರೆ ತಗೊಳ್ಳುವವರು ಅದನ್ನು ಹೇಗೆ ನಿಭಾಯಿಸುತ್ತೀರಿ ಅಂತ ಮೊದಲೇ ಕೇಳಿ. ವಾರ್ಫರಿನ್ ನಿಲ್ಲಿಸಿ ಹೆಪರಿನ್ ಇಂಜೆಕ್ಷನ್ ಕೊಡುವ ಹಳೇ ಪದ್ಧತಿಯಲ್ಲಿ ಡಬ್ಬಿ ಜಾಗದಲ್ಲಿ ರಕ್ತ ಗಡ್ಡೆ ಕಟ್ಟುವುದು ಜಾಸ್ತಿ, ಗಡ್ಡೆ ಕಟ್ಟಿದರೆ ಸೋಂಕು ಜಾಸ್ತಿ. ಆಂಟಿಬಯಾಟಿಕ್ ಇರುವ ಜಾಳಿಗೆ ಚೀಲದಲ್ಲಿ ಡಬ್ಬಿ ಇಡುವ ಅನುಕೂಲ ನಿಮಗೆ ಬೇಕಾ ಅಂತಲೂ ಕೇಳಿ. ಹಳೇ ವೈರ್ ಇನ್ನೊಂದು ಡಬ್ಬಿಯ ಆಯುಷ್ಯದಷ್ಟು ಬಾಳುತ್ತದಾ ಎಂಬುದು ಆ ದಿನ ಕೇಳಬೇಕಾದ ಮುಖ್ಯ ಪ್ರಶ್ನೆ. ಕೆಲವರಿಗೆ ವೈರೇ ಇಲ್ಲದ, ಹೃದಯದೊಳಗೇ ಕೂರುವ ಸಣ್ಣ ಪೇಸ್‌ಮೇಕರ್ ಹೊಂದಬಹುದು.

ಮನೆಯವರಿಗೂ ಒಂದು ಮಾತು ತಿಳಿದಿರಲಿ. ಪೇಸ್‌ಮೇಕರ್ ಇದ್ದವರು ತೀರಿಕೊಂಡರೆ ದಹನಕ್ಕೆ ಮೊದಲು ಅದನ್ನು ತೆಗೆಸಬೇಕು, ಬಿಸಿಗೆ ಬ್ಯಾಟರಿ ಸಿಡಿಯುತ್ತದೆ. ವಿದ್ಯುತ್ ಚಿತಾಗಾರವಾದರೂ ಅಷ್ಟೇ. ನನ್ನ ಮಕ್ಕಳಿಗೆ ಇದನ್ನು ಹೇಳಿಟ್ಟಿದ್ದೇನೆ.

ದುಡ್ಡು ಮತ್ತು ದೂರು

ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬುವರು ಕೌಂಟರ್‌ನಲ್ಲಿ ಕೂತಿರುತ್ತಾರೆ. ರೇಷನ್ ಕಾರ್ಡ್, ಆಧಾರ್ ತಗೊಂಡು ಹೋಗಿ, ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದಾ ಅಂತ ಆಪರೇಷನ್‌ಗೆ ಮೊದಲೇ ಕೇಳಿ. ಪರೇಲ್‌ನ ಕೆಇಎಂ, ಸಯಾನ್, ನಾಯರ್ ಆಸ್ಪತ್ರೆಗಳಲ್ಲಿ ಹೃದಯ ವಿಭಾಗ ಇದೆ. ಕಾಯಬೇಕಾಗುತ್ತದೆ, ಆದರೆ ಅಲ್ಲಿನ ಡಾಕ್ಟರ್‌ಗಳು ನೋಡುವ ಕೇಸ್‌ಗಳೂ ತುಂಬಾ.

ಯಂತ್ರವೋ ವೈರೋ ಕೆಟ್ಟಿದೆ ಅಂತ ತೆಗೆದಾಗ, ಅದನ್ನು ಪರೀಕ್ಷೆಗೆ ಕಂಪನಿಗೆ ಕಳಿಸುತ್ತೀರಾ, ವಾರಂಟಿ ಇದೆಯಾ ಅಂತ ಬರಹದಲ್ಲಿ ಕೇಳಿ. ಜೊತೆಗೆ ದೂರು ದಾಖಲಿಸಿ. ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳಿಂದ ಆದ ತೊಂದರೆ ದಾಖಲಿಸಲೆಂದೇ 2015ರ ಜುಲೈ 6ರಂದು ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಗಿದೆ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಸಹಾಯವಾಣಿ 1800-180-3024, ಕರೆಗೆ ದುಡ್ಡಿಲ್ಲ. ಡಾಕ್ಟರ್ ಮಾತ್ರ ಅಲ್ಲ, ರೋಗಿಯೂ ಬರೆಯಬಹುದು. ಫಾರಂನಲ್ಲಿ ಮಾಡೆಲ್, ಸೀರಿಯಲ್ ನಂಬರ್, ಹಾಕಿದ ದಿನ, ತೊಂದರೆ ಕಂಡ ದಿನ ಕೇಳುತ್ತಾರೆ. ಸೋಂಕು, ವೈರ್ ಮುರಿದದ್ದು, ಬೇಡದ ಶಾಕ್, ಬ್ಯಾಟರಿ ಬೇಗ ಮುಗಿದದ್ದು, ಯಾವುದನ್ನೂ ಚಿಕ್ಕದು ಅಂತ ಬಿಡಬೇಡಿ. ಒಂದೇ ಮಾಡೆಲ್‌ನ ವೈರ್ ನಾಲ್ಕು ಊರಲ್ಲಿ ಮುರಿದರೆ, ನಾಲ್ವರೂ ಬರೆದಾಗ ಮಾತ್ರ ಅದು ಯಾರಿಗಾದರೂ ಕಾಣುತ್ತದೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಕಷ್ಟವಾದರೆ ಮಕ್ಕಳ ಹತ್ತಿರ, ಸಂಘದ ಹುಡುಗರ ಹತ್ತಿರ ಬರೆಸಿ. ಕಳಿಸಿದ್ದರ ಪ್ರತಿಯೊಂದನ್ನು ಅದೇ ಫೈಲ್‌ಗೆ ಹಾಕಿಡಿ.